ಎಲೆ ಎಣಿಸುವವರು, ಅವರನ್ನು ಎಣಿಸುವವರು

ಯಕ್ಷಗಾನದ ‘ನಳ ದಮಯಂತಿ’ ಪ್ರಸಂಗವನ್ನು ನೀವು ನೋಡಿರಬಹುದು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಕುರೂಪಿ ಬಾಹುಕನಾಗಿ ಅಯೋಧ್ಯೆಯ ಅರಸ ಋತುಪರ್ಣನಿಗೆ ಸಾರಥಿಯಾಗುತ್ತಾನೆ. ದಮಯಂತಿಯ ಎರಡನೆಯ ಸ್ವಯಂವರದ ಸುದ್ದಿ ಕೇಳಿ ಇಬ್ಬರೂ ವಿದರ್ಭಕ್ಕೆ ಹೊರಟಾಗ, ದಾರಿಯಲ್ಲಿ ಒಂದು ಮರವನ್ನು ಕಂಡ ಋತುಪರ್ಣ ಅದರ ಎರಡು ಕೊಂಬೆಗಳಲ್ಲಿ ಎಷ್ಟು ಎಲೆ, ಎಷ್ಟು ಕಾಯಿ ಇವೆಯೆಂದು ರಥದಲ್ಲಿ ಕುಳಿತೇ ಹೇಳಿಬಿಡುತ್ತಾನೆ. ರಂಗದ ಮೇಲೆ ಇದು ಕೆಲವೇ ನಿಮಿಷಗಳಲ್ಲಿ ಮುಗಿಯುವ ಸಂದರ್ಭ. ಭಾಗವತರಿಗೂ ಪ್ರೇಕ್ಷಕರಿಗೂ ಮುಂದಿನ ದಮಯಂತಿಯ ಭೇಟಿಯತ್ತಲೇ ಅವಸರ. ಆದರೆ ಸಂಭವನೀಯತೆಯ ಇತಿಹಾಸ ಬರೆಯುವವರು ರಥವನ್ನು ಇಲ್ಲಿಯೇ ನಿಲ್ಲಿಸುತ್ತಾರೆ.

ಮಹಾಭಾರತದ ವನಪರ್ವದಲ್ಲಿ ಬರುವ ಈ ಕಥೆಯ ಪ್ರಕಾರ ಆ ಕೊಂಬೆಗಳಲ್ಲಿದ್ದ ಎಲೆಗಳು ಐದು ಕೋಟಿ, ಕಾಯಿಗಳು 2095. ಐದು ಕೋಟಿ ಎಲೆಯನ್ನು ಕವಿಯ ಉದಾರತೆಗೆ ಬಿಟ್ಟುಬಿಡೋಣ. 2095 ಎಂಬ ಸಂಖ್ಯೆ ಮಾತ್ರ ನಂಬುವಂತಿದೆ. ನಳ ಅದನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ರಥ ನಿಲ್ಲಿಸಿ, ಮರವನ್ನೇ ಕಡಿದು, ಕಾಯಿ ಎಣಿಸಿ ತಾಳೆ ನೋಡುತ್ತಾನೆ. ಲೆಕ್ಕ ಸರಿಯಾಗಿರುತ್ತದೆ. ಬೆರಗಾದ ಅವನಿಗೆ ಋತುಪರ್ಣ ಹೇಳುವ ಗುಟ್ಟು ‘ಅಕ್ಷಹೃದಯ’, ಅಂದರೆ ದಾಳಗಳ ಮರ್ಮ. ಎಣಿಕೆಯ ವಿದ್ಯೆಯೂ ಜೂಜಿನ ವಿದ್ಯೆಯೂ ಒಂದೇ ಎಂಬಂತೆ ಕಥೆ ಮಾತನಾಡುತ್ತದೆ. ಕೆನಡಾದ ತತ್ತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್ ಸಂಭವನೀಯತೆಯ ಉದಯವನ್ನು ಕುರಿತ 1975ರ ತಮ್ಮ ಗ್ರಂಥದಲ್ಲಿ ಈ ಪ್ರಸಂಗವನ್ನು ವಿಶೇಷವಾಗಿ ಗಮನಿಸಿದ್ದಾರೆ. ಭಾಗವನ್ನು ನೋಡಿ ಪೂರ್ಣವನ್ನು ಅಂದಾಜಿಸುವ ಕಲೆಗೂ ಜೂಜಿಗೂ ನಂಟಿದೆಯೆಂದು ಇಷ್ಟು ಹಿಂದೆಯೇ ಹೊಳೆದಿದ್ದು ಅವರಿಗೆ ಸೋಜಿಗವಾಗಿ ಕಂಡಿತ್ತು.

ಶಿರಸಿ ಸೀಮೆಯ ಓದುಗರಿಗೆ ಇದು ಅಷ್ಟು ಸೋಜಿಗವಲ್ಲ. ತೋಟದ ಅಂಚಿನಲ್ಲಿ ನಿಂತು, ಮರದ ಮೇಲಿನ ಕೊನೆಗಳನ್ನು ನೋಡಿಯೇ ಈ ವರ್ಷ ಎಷ್ಟು ಕ್ವಿಂಟಲ್ ಅಡಿಕೆ ಆದೀತೆಂದು ಹೇಳುವವರು ಭೈರುಂಬೆಯಂಥ ಪ್ರತಿ ಊರಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಋತುಪರ್ಣ ಕಂಡ ಮರವೂ ನಮಗೆ ಅಪರಿಚಿತವಲ್ಲ. ಸಂಸ್ಕೃತದ ವಿಭೀತಕವೆಂದರೆ ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಬೆಳೆಯುವ ತಾರೆ ಮರ. ಅಳಲೆ, ನೆಲ್ಲಿಯೊಡನೆ ತ್ರಿಫಲಾ ಚೂರ್ಣಕ್ಕೆ ಸೇರುವುದು ಇದರ ಕಾಯಿಯೇ. ವೇದಕಾಲದ ಜೂಜಿನ ‘ಅಕ್ಷ’ವೂ ಇದೇ ಕಾಯಿ. ಋಗ್ವೇದದ ಹತ್ತನೆಯ ಮಂಡಲದಲ್ಲಿರುವ ಜೂಜುಗಾರನ ಸೂಕ್ತ ಹೇಳುವುದು ಇವುಗಳ ವಿಷಯವನ್ನೇ.

ಈ ಆಟದ ರೀತಿಯನ್ನು ಜರ್ಮನ್ ವಿದ್ವಾಂಸ ಹೈನ್‌ರಿಖ್ ಲ್ಯೂಡರ್ಸ್ 1907ರಲ್ಲಿ ವಿವರಿಸಿದರು. ಅವರ ವಿವರಣೆಯ ಸಾರ ಇಷ್ಟು: ಕಾಯಿಗಳ ರಾಶಿ ಇರುತ್ತದೆ. ಅದರಿಂದ ತೆಗೆದ ಕಾಯಿಗಳನ್ನು ನಾಲ್ಕು ನಾಲ್ಕಾಗಿ ವಿಂಗಡಿಸಬೇಕು. ಏನೂ ಉಳಿಯದಿದ್ದರೆ ‘ಕೃತ’, ಮೂರು ಉಳಿದರೆ ‘ತ್ರೇತಾ’, ಎರಡು ಉಳಿದರೆ ‘ದ್ವಾಪರ’, ಒಂದೇ ಉಳಿದರೆ ‘ಕಲಿ’. ಯುಗಗಳ ಹೆಸರುಗಳೆಂದು ನಾವು ತಿಳಿದಿರುವ ಈ ನಾಲ್ಕು, ಜೂಜಿನ ಎಸೆತಗಳ ಹೆಸರುಗಳೂ ಹೌದು. ಇಂಥ ಆಟದಲ್ಲಿ ರಾಶಿಯನ್ನು ಕಣ್ಣಲ್ಲೇ ಎಣಿಸಬಲ್ಲವನು ಗೆಲ್ಲುವುದು ಸಹಜ. ಅಂದಮೇಲೆ ಋತುಪರ್ಣನ ವಿದ್ಯೆ ಪವಾಡವಲ್ಲ, ಆಟದ ತರಬೇತಿ. ನಳನನ್ನು ಹಿಡಿದಿದ್ದ ಕಲಿ, ಆ ವಿದ್ಯೆ ಸಿಕ್ಕಿದ ಕೂಡಲೇ ಅವನನ್ನು ಬಿಟ್ಟು ತಾರೆ ಮರವನ್ನು ಸೇರಿಕೊಂಡ ಎಂಬಲ್ಲಿಗೆ ಆ ಕಥೆ ಮುಗಿಯುತ್ತದೆ.

ಕನ್ನಡದಲ್ಲಿ ಇಸ್ಪೀಟಿನ ಹಾಳೆಗೂ ನಾವು ‘ಎಲೆ’ ಎಂದೇ ಹೇಳುತ್ತೇವೆ. ಈ ಎಲೆಗಳನ್ನು ಎಣಿಸುವವರ ಕಥೆ ನಡೆದಿರುವುದು ಹೆಚ್ಚಾಗಿ ಅಮೆರಿಕದ ಕ್ಯಾಸಿನೊಗಳಲ್ಲಿ. ಅದರ ಗಣಿತ ಮಾತ್ರ ಎಲ್ಲ ಊರಿಗೂ ಒಂದೇ.

ನೆನಪಿಲ್ಲದ ಆಟ, ನೆನಪಿರುವ ಆಟ

ಮೊದಲು ನಮ್ಮ ಕಡೆಯದೇ ಒಂದು ಆಟವನ್ನು ನೋಡೋಣ. ‘ಅಂದರ್ ಬಾಹರ್ ಆಡುತ್ತಿದ್ದವರ ಬಂಧನ’ ಎಂಬ ಸುದ್ದಿಯನ್ನು ನೀವು ದಿನಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೀರಿ. ಕಟ್ಟಿನಿಂದ ಒಂದು ಎಲೆಯನ್ನು ತೆರೆದಿಡುತ್ತಾರೆ. ಅದು ರಾಣಿ ಎಂದಿಟ್ಟುಕೊಳ್ಳಿ. ಆಮೇಲೆ ಒಂದು ಎಲೆ ಒಳಗೆ, ಒಂದು ಎಲೆ ಹೊರಗೆ ಎಂದು ಹಾಕುತ್ತಾ ಹೋಗುತ್ತಾರೆ. ಮತ್ತೊಂದು ರಾಣಿ ಯಾವ ಬದಿಗೆ ಬೀಳುತ್ತದೋ ಆ ಬದಿಗೆ ಹಣ ಕಟ್ಟಿದವರು ಗೆಲ್ಲುತ್ತಾರೆ.

ಇದು ನಾಣ್ಯ ಚಿಮ್ಮಿದಂತೆ ಸಮಸಮ ಎಂದು ತೋರುತ್ತದೆ. ಲೆಕ್ಕ ಹಾಕಿ ನೋಡಿ. ಉಳಿದ 51 ಎಲೆಗಳಲ್ಲಿ 3 ರಾಣಿಗಳು ಇರುತ್ತವೆ. ಮೂರು ರಾಣಿಗಳ ಸ್ಥಾನಗಳನ್ನು ಒಟ್ಟು 20825 ರೀತಿಯಲ್ಲಿ ಆರಿಸಬಹುದು. ಅವುಗಳಲ್ಲಿ ಮೊದಲ ರಾಣಿ ಬೆಸ ಸ್ಥಾನದಲ್ಲಿ, ಎಂದರೆ ಮೊದಲು ಎಲೆ ಹಾಕಿದ ಬದಿಯಲ್ಲಿ, ಬೀಳುವ ರೀತಿಗಳು 10725. ಭಾಗಿಸಿದರೆ ಶೇಕಡಾ 51.5. ಮೊದಲ ಬದಿಗೆ ಇಷ್ಟು ಅನುಕೂಲ ಇರುವುದರಿಂದಲೇ ಕ್ಯಾಸಿನೊಗಳಲ್ಲಿ ಆ ಬದಿಯ ಗೆಲುವಿಗೆ ಹಣವನ್ನು ಕಡಿತ ಮಾಡಿ ಕೊಡುತ್ತಾರೆ. ಪ್ರತಿ ಸುತ್ತಿಗೂ ಕಟ್ಟನ್ನು ಹೊಸದಾಗಿ ಕಲಸಿದರೆ, ಹಿಂದಿನ ಸುತ್ತಿನಲ್ಲಿ ಏನಾಯಿತೆಂದು ನೆನಪಿಟ್ಟುಕೊಂಡು ಫಲವಿಲ್ಲ. ಐದು ಸಲ ಒಳಗೆ ಬಂತು, ಇನ್ನು ಹೊರಗೇ ಬರಬೇಕು ಎಂದು ವಾದಿಸುವವರ ಜೇಬು ಖಾಲಿಯಾಗುವುದು ಇದನ್ನು ತಿಳಿಯದೆ.

ಬ್ಲ್ಯಾಕ್‌ಜ್ಯಾಕ್ ಹಾಗಲ್ಲ. ಇದಕ್ಕೆ ‘ಇಪ್ಪತ್ತೊಂದು’ ಎಂಬ ಹೆಸರೂ ಇದೆ. ಆಟಗಾರನಿಗೆ ಎರಡು ಎಲೆ, ಕ್ಯಾಸಿನೊ ಪರವಾಗಿ ಎಲೆ ಹಾಕುವ ಡೀಲರ್‌ಗೆ ಎರಡು ಎಲೆ; ಡೀಲರ್‌ನ ಒಂದು ಎಲೆ ಮಾತ್ರ ತೆರೆದಿರುತ್ತದೆ. ರಾಜ, ರಾಣಿ, ಗುಲಾಮಗಳಿಗೆ ಹತ್ತರ ಬೆಲೆ. ಎಕ್ಕಕ್ಕೆ ಒಂದು ಅಥವಾ ಹನ್ನೊಂದು. ಇನ್ನಷ್ಟು ಎಲೆ ಕೇಳುತ್ತಾ 21ನ್ನು ಮೀರದೆ ಅದಕ್ಕೆ ಹತ್ತಿರವಾಗಬೇಕು. ಮೀರಿದವನು ಆಗಲೇ ಸೋತ. ಇಲ್ಲಿ ಮುಖ್ಯವಾದುದು, ಬಳಸಿದ ಎಲೆಗಳನ್ನು ಪಕ್ಕಕ್ಕಿಟ್ಟು ಉಳಿದ ಕಟ್ಟಿನಿಂದಲೇ ಮುಂದಿನ ಸುತ್ತನ್ನು ಆಡಿಸುತ್ತಾರೆ. ಆದ್ದರಿಂದ ಬಿದ್ದು ಹೋದ ಎಲೆಗಳು ಬರಲಿರುವ ಎಲೆಗಳ ಬಗ್ಗೆ ಸುಳಿವು ಕೊಡುತ್ತವೆ.

ಉಳಿದ ಕಟ್ಟಿನಲ್ಲಿ ಹತ್ತರ ಎಲೆಗಳೂ ಎಕ್ಕಗಳೂ ಹೆಚ್ಚಿದ್ದರೆ ಆಟಗಾರನಿಗೆ ಲಾಭ. ಕಾರಣವೇನು? ಮೊದಲ ಎರಡೇ ಎಲೆಗಳಲ್ಲಿ ಎಕ್ಕವೂ ಹತ್ತೂ ಬಂದರೆ ಅದು ‘ಬ್ಲ್ಯಾಕ್‌ಜ್ಯಾಕ್’. ಆಟಗಾರನಿಗೆ ಬಂದರೆ ಅವನಿಗೆ ಒಂದೂವರೆ ಪಟ್ಟು ಹಣ. ಡೀಲರ್‌ಗೆ ಬಂದರೆ ಆಟಗಾರ ಕಳೆದುಕೊಳ್ಳುವುದು ಒಂದು ಪಟ್ಟು ಮಾತ್ರ. ಇದಲ್ಲದೆ ಡೀಲರ್‌ಗೆ ಸ್ವಾತಂತ್ರ್ಯವಿಲ್ಲ. ತನ್ನ ಮೊತ್ತ 16 ಇದ್ದರೂ ನಿಯಮದಂತೆ ಅವನು ಮತ್ತೊಂದು ಎಲೆ ಎಳೆಯಲೇಬೇಕು. ದೊಡ್ಡ ಎಲೆಗಳು ತುಂಬಿರುವ ಕಟ್ಟಿನಲ್ಲಿ ಅವನು 21 ದಾಟುವುದು ಹೆಚ್ಚು. ಆಟಗಾರ 16ಕ್ಕೆ ನಿಲ್ಲಬಹುದು.

ಇದನ್ನೆಲ್ಲ ಮೊದಲು ಕೂಡಿಸಿ ಕಳೆದು ನೋಡಿದವರು ಜೂಜುಕೋರರಲ್ಲ, ಸೈನಿಕರು. ಮೇರಿಲ್ಯಾಂಡ್‌ನ ಅಬರ್ಡೀನ್ ಸೇನಾ ಕೇಂದ್ರದಲ್ಲಿದ್ದ ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಎಂಬ ನಾಲ್ವರು, ಮೇಜಿನ ಮೇಲಿನ ಲೆಕ್ಕದ ಯಂತ್ರಗಳನ್ನು ಬಳಸಿ ಪ್ರತಿ ಸಂದರ್ಭಕ್ಕೂ ಉತ್ತಮ ಆಟ ಯಾವುದೆಂದು ಕಂಡುಹಿಡಿದರು. 1956ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅವರ ಲೆಕ್ಕದಂತೆ ಆಡಿದರೂ ಆಟಗಾರ ನೂರು ಡಾಲರಿಗೆ ಸರಾಸರಿ 62 ಸೆಂಟ್ ಕಳೆದುಕೊಳ್ಳುತ್ತಿದ್ದ. ಆದರೆ ಅವರು ಬಿದ್ದ ಎಲೆಗಳನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ.

ಅದನ್ನು ಮಾಡಿದವರು ಎಡ್ವರ್ಡ್ ಥಾರ್ಪ್. ಎಂ.ಐ.ಟಿ.ಯಲ್ಲಿ ಗಣಿತ ಕಲಿಸುತ್ತಿದ್ದ ಅವರು ಐಬಿಎಂ 704 ಗಣಕಯಂತ್ರಕ್ಕಾಗಿ ಫೋರ್ಟ್ರಾನ್ ಭಾಷೆಯನ್ನು ಕಲಿತು, ಕಟ್ಟಿನಿಂದ ಒಂದೊಂದು ಬಗೆಯ ಎಲೆಯನ್ನು ತೆಗೆದರೆ ಆಟ ಹೇಗೆ ವಾಲುತ್ತದೆಂದು ಲೆಕ್ಕ ಹಾಕಿದರು. ನಾಲ್ಕು ಐದುಗಳೂ ಹೋಗಿಬಿಟ್ಟರೆ ಆಟಗಾರನಿಗೇ ಸುಮಾರು ಶೇಕಡಾ 3ರಷ್ಟು ಅನುಕೂಲ! 1961ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗೆ ಈ ಪ್ರಬಂಧವನ್ನು ಕಳುಹಿಸಿಕೊಟ್ಟವರು ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್. ಅದೇ ವರ್ಷ ಇಬ್ಬರು ಶ್ರೀಮಂತ ಜೂಜುಗಾರರು ಕೊಟ್ಟ ಹತ್ತು ಸಾವಿರ ಡಾಲರ್ ಬಂಡವಾಳದೊಂದಿಗೆ ನೆವಾಡಾಕ್ಕೆ ಹೋದ ಥಾರ್ಪ್ ಕೆಲವೇ ದಿನಗಳಲ್ಲಿ ಅದನ್ನು ಎರಡರಷ್ಟು ಮಾಡಿ ತೋರಿಸಿದರು. 1962ರಲ್ಲಿ ಬಂದ ಅವರ ‘ಬೀಟ್ ದ ಡೀಲರ್’ ಪುಸ್ತಕ ಈ ವಿದ್ಯೆಯನ್ನು ಎಲ್ಲರ ಕೈಗೂ ಇಟ್ಟಿತು.

ಇಲ್ಲಿ ಒಂದು ಮಾತು. ಭೌತವಿಜ್ಞಾನದವನಾದ ನನಗೆ ಥಾರ್ಪ್ ಮತ್ತು ಶಾನನ್ ಜೋಡಿಯ ಇನ್ನೊಂದು ಕೆಲಸವೇ ಹೆಚ್ಚು ಪ್ರಿಯ. ರೂಲೆಟ್ ಚಕ್ರದ ಮೇಲೆ ಉರುಳುವ ಚೆಂಡು ನ್ಯೂಟನ್ನನ ನಿಯಮಗಳಿಗೆ ಬದ್ಧವಲ್ಲವೇ? ಅದರ ವೇಗವನ್ನೂ ಚಕ್ರದ ವೇಗವನ್ನೂ ಅಳೆದರೆ ಎಲ್ಲಿ ಬೀಳುತ್ತದೆಂದು ಹೇಳಬಹುದು. ಸಿಗರೇಟು ಪೊಟ್ಟಣದಷ್ಟು ಗಾತ್ರದ, 12 ಟ್ರಾನ್ಸಿಸ್ಟರ್‌ಗಳ ಒಂದು ಗಣಕವನ್ನು ಅವರು ತಯಾರಿಸಿದರು. ಬೂಟಿನೊಳಗೆ ಕಾಲ್ಬೆರಳಿನಿಂದ ಅದರ ಗುಂಡಿ ಒತ್ತಬೇಕು. ಉತ್ತರ ಕಿವಿಯಲ್ಲಿ ಸ್ವರವಾಗಿ ಕೇಳುತ್ತದೆ. 1961ರ ಬೇಸಿಗೆಯಲ್ಲಿ ಲಾಸ್ ವೇಗಸ್‌ನಲ್ಲಿ ಅದನ್ನು ಪರೀಕ್ಷಿಸಿದಾಗ, ಕಿವಿಗೆ ಹೋಗುವ ತಂತಿ ಪದೇಪದೇ ತುಂಡಾಗುತ್ತಿತ್ತಂತೆ. ಮೈಮೇಲೆ ಧರಿಸುವ ಮೊದಲ ಗಣಕವೆಂದು ಅದನ್ನೇ ಹೆಸರಿಸುತ್ತಾರೆ.

ಎಣಿಕೆಯ ಬಗೆ

52 ಎಲೆಗಳನ್ನೂ ನೆನಪಿಡುವ ಅಸಾಧಾರಣ ಬುದ್ಧಿ ಇದಕ್ಕೆ ಬೇಕಿಲ್ಲ. ಹಾರ್ವಿ ಡಬ್ನರ್ 1963ರಲ್ಲಿ ಸೂಚಿಸಿದ ಸರಳ ಕ್ರಮವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. 2ರಿಂದ 6ರವರೆಗಿನ ಎಲೆ ಬಿದ್ದರೆ ಒಂದು ಕೂಡಿ. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯಿರಿ. 7, 8, 9 ಬಿದ್ದರೆ ಸುಮ್ಮನಿರಿ. ಕಟ್ಟಿನಲ್ಲಿ ಕೂಡುವ ಎಲೆಗಳು 20, ಕಳೆಯುವ ಎಲೆಗಳು 20. ಆದ್ದರಿಂದ ಕೊನೆಗೆ ಮೊತ್ತ ಸೊನ್ನೆಯಾಗಬೇಕು. ನಡುವೆ ಅದು ಧನವಾಗಿ ಏರಿದ್ದರೆ ದೊಡ್ಡ ಎಲೆಗಳು ಇನ್ನೂ ಬರಬೇಕಾಗಿವೆ ಎಂದರ್ಥ. ಹಲವು ಕಟ್ಟುಗಳನ್ನು ಸೇರಿಸಿ ಆಡಿಸುವಾಗ ಈ ಮೊತ್ತವನ್ನು ಉಳಿದ ಕಟ್ಟುಗಳ ಸಂಖ್ಯೆಯಿಂದ ಭಾಗಿಸಬೇಕು. ಹೀಗೆ ಬಂದ ಪ್ರತಿ ಒಂದು ಅಂಕಕ್ಕೆ ಆಟಗಾರನ ಅನುಕೂಲ ಸುಮಾರು ಅರ್ಧ ಶೇಕಡಾ ಏರುತ್ತದೆ. ಅಂಕ ಕಡಿಮೆ ಇದ್ದಾಗ ಸಣ್ಣ ಪಣ, ಹೆಚ್ಚಿದಾಗ ದೊಡ್ಡ ಪಣ. ವಿದ್ಯೆ ಇಷ್ಟೇ. ಮದುವೆಮನೆಯ ಉಪ್ಪರಿಗೆಯಲ್ಲಿ ಕವಳ ಹಾಕುತ್ತಾ ರಾತ್ರಿಯಿಡೀ ಇಸ್ಪೀಟು ಆಡುವ ನಮ್ಮ ಹಿರಿಯರು, ಯಾವ ಗುಲಾಮ ಬಿದ್ದಿದೆ, ಯಾವುದು ಇನ್ನೂ ಕೈಯಲ್ಲಿದೆ ಎಂದು ಇದಕ್ಕಿಂತ ಕಷ್ಟದ ಲೆಕ್ಕವನ್ನೇ ಇಟ್ಟುಕೊಳ್ಳುತ್ತಾರೆ.

ಸುಲಭವೆಂದು ಕಂಡಿತೇ? ಕ್ಯಾಸಿನೊಗಳೂ ಮೊದಲು ಹಾಗೆಯೇ ತಿಳಿದು ಗಾಬರಿಯಾದವು. 1964ರ ಏಪ್ರಿಲ್ ಒಂದರಂದು ಲಾಸ್ ವೇಗಸ್‌ನ ಹೋಟೆಲುಗಳು ಒಟ್ಟಾಗಿ ಆಟದ ನಿಯಮಗಳನ್ನೇ ಬಿಗಿಗೊಳಿಸಿದವು. ಆದರೆ ಸಾಮಾನ್ಯ ಆಟಗಾರರು ಮೇಜು ಬಿಟ್ಟು ಎದ್ದುಹೋದರು. ಕೆಲವೇ ವಾರಗಳಲ್ಲಿ ಹಳೆಯ ನಿಯಮಗಳು ಹಿಂತಿರುಗಿದವು. ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಕ್ಯಾಸಿನೊವನ್ನು ಸೋಲಿಸಬಹುದೆಂಬ ಸುದ್ದಿ ಕೇಳಿ ಜನ ನುಗ್ಗಿ ಬಂದರು. ಪುಸ್ತಕ ಓದಿದವರು ಬಹಳ, ಎಣಿಸಲು ಬಂದವರು ಬೆರಳೆಣಿಕೆಯಷ್ಟು. ಕ್ಯಾಸಿನೊಗಳ ಲಾಭ ಹೆಚ್ಚಿತು! ಹಾಗಾಗಿ ಅವುಗಳ ಸಮಸ್ಯೆ ಬದಲಾಯಿತು. ಆಟವನ್ನು ಎಲ್ಲರಿಗೂ ಹಾಗೆಯೇ ಬಿಟ್ಟು, ನಿಜವಾಗಿ ಎಣಿಸಬಲ್ಲ ಆ ಕೆಲವರನ್ನು ಮಾತ್ರ ಹುಡುಕಿ ಹೊರಹಾಕುವುದು ಹೇಗೆ?

ಗೆಲುವನ್ನು ನೋಡಿದರೆ ಸಾಲದು

ನಿಮ್ಮನ್ನೇ ಕ್ಯಾಸಿನೊದ ಮೇಲ್ವಿಚಾರಕರೆಂದು ಭಾವಿಸಿಕೊಳ್ಳಿ. ಹೆಚ್ಚು ಗೆಲ್ಲುವವನೇ ಎಣಿಸುವವನು ಎಂದು ತೀರ್ಮಾನಿಸುತ್ತೀರಾ? ಅದು ತಪ್ಪಾದೀತು. ನಿಪುಣ ಎಣಿಕೆಗಾರನ ಸರಾಸರಿ ಅನುಕೂಲ ಶೇಕಡಾ ಒಂದರ ಸುಮಾರಿನಲ್ಲಿರುತ್ತದೆ. ಒಂದೊಂದು ಸುತ್ತಿನ ಫಲಿತಾಂಶದ ಮಾನಕ ವಿಚಲನೆಯೋ ಪಣದ 1.1 ಪಟ್ಟು. ನೂರು ಸುತ್ತು ಆಡಿದರೆ ಅವನು ನಿರೀಕ್ಷಿಸಬಹುದಾದ ಲಾಭ ಒಂದು ಪಣ. ಏರಿಳಿತ ಹನ್ನೊಂದು ಪಣ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಇದು ಪರಿಚಿತ. ಹರಿವು ಮೆಲ್ಲನೆ ಒಂದೇ ದಿಕ್ಕಿಗಿದ್ದರೂ, ಕಣ್ಣಿಗೆ ಕಾಣುವುದು ಅಡ್ಡಾದಿಡ್ಡಿ ಕುಣಿತವೇ. ಹರಿವು ಸುತ್ತುಗಳ ಸಂಖ್ಯೆಯಂತೆ ಬೆಳೆದರೆ, ಕುಣಿತ ಆ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ. ಎರಡೂ ಸಮನಾಗಲು ಸುಮಾರು 12 ಸಾವಿರ ಸುತ್ತುಗಳು ಬೇಕು. ಗಂಟೆಗೆ 80 ಸುತ್ತು ಎಂದರೆ 150 ಗಂಟೆ. ಅಷ್ಟು ಆಡಿದ ಮೇಲೂ ಆರರಲ್ಲಿ ಒಬ್ಬ ಎಣಿಕೆಗಾರ ಸೋತೇ ಇರುತ್ತಾನೆ. ಮನೆ ಮಠ ಮಾರಿ ಎಣಿಕೆಗೆ ಹೊರಡಬೇಕೆನ್ನುವವರು ಈ ವರ್ಗಮೂಲವನ್ನು ಮೊದಲು ನೋಡಬೇಕು.

ಆದ್ದರಿಂದ ಕಾವಲುಗಾರರು ನೋಡುವುದು ಗೆಲುವನ್ನಲ್ಲ, ಪಣಕ್ಕೂ ಎಲೆಗಳಿಗೂ ಇರುವ ಹೊಂದಾಣಿಕೆಯನ್ನು. ಅನುಮಾನ ಬಂದ ಮೇಜಿನ ಆಟವನ್ನು ಕ್ಯಾಮೆರಾದಲ್ಲಿ ನೋಡುತ್ತಾ ಅವರೂ ಎಣಿಸುತ್ತಾರೆ. ಅಂಕ ಏರಿದಾಗಲೆಲ್ಲ ಈತ ಪಣ ಏರಿಸಿದನೇ? ಎಣಿಕೆಯ ಗೊಡವೆಯಿಲ್ಲದವನು ಪಣ ಬದಲಿಸುವಾಗ ಅಂಕದ ದಿಕ್ಕಿಗೆ ಹೊಂದುವ ಸಂಭವ ಅರ್ಧ ಎಂದಿಟ್ಟುಕೊಂಡರೆ, ಸತತ 20 ಸಲ ಹೊಂದುವ ಸಂಭವ ಸುಮಾರು ಹತ್ತು ಲಕ್ಷದಲ್ಲಿ ಒಂದು. ಗೆಲುವು ಸೋಲಿನಿಂದ ತಿಳಿಯಲು ವಾರಗಟ್ಟಲೆ ಬೇಕಾದದ್ದು ಇಲ್ಲಿ ಒಂದು ಸಂಜೆಯಲ್ಲಿ ತಿಳಿಯುತ್ತದೆ.

ಇನ್ನೊಂದು ಸುಳಿವು ‘ವಿಮೆ’. ಡೀಲರ್‌ನ ತೆರೆದ ಎಲೆ ಎಕ್ಕವಾಗಿದ್ದರೆ, ಅವನ ಮುಚ್ಚಿದ ಎಲೆ ಹತ್ತರದ್ದೆಂದು ಪ್ರತ್ಯೇಕ ಪಣ ಕಟ್ಟಬಹುದು. ಗೆದ್ದರೆ ಎರಡು ಪಟ್ಟು. ಒಂದೇ ಕಟ್ಟಿನಲ್ಲಿ ಉಳಿದ 51 ಎಲೆಗಳಲ್ಲಿ ಹತ್ತರವು 16, ಎಂದರೆ ಮೂರರಲ್ಲೊಂದಕ್ಕಿಂತ ಕಡಿಮೆ. ಆದ್ದರಿಂದ ವಿಮೆ ಸಾಮಾನ್ಯವಾಗಿ ನಷ್ಟದ ಬಾಬ್ತು, ಬಲ್ಲವರು ಕಟ್ಟುವುದಿಲ್ಲ. ಕಟ್ಟಿನಲ್ಲಿ ಹತ್ತರ ಎಲೆಗಳು ದಟ್ಟವಾದಾಗ ಮಾತ್ರ ಅದು ಲಾಭ. ಹಾಗಾಗಿ ಎಂದೂ ವಿಮೆ ಕಟ್ಟದವನು ದೊಡ್ಡ ಪಣ ಇಟ್ಟಾಗ ಮಾತ್ರ ಕಟ್ಟಿದರೆ, ಮೇಲಿನ ಕ್ಯಾಮೆರಾ ಅವನತ್ತ ತಿರುಗುತ್ತದೆ.

ಪತ್ತೆಯಾದ ಮೇಲೆ? ಸಿನಿಮಾದಲ್ಲಿ ತೋರಿಸುವಂತೆ ನೆಲಮಾಳಿಗೆಗೆ ಎಳೆದೊಯ್ದು ಹೊಡೆಯುವುದು ಈಗಿನ ರೀತಿಯಲ್ಲ. ಮೊದಲು ಡೀಲರ್ ಬೇಗ ಬೇಗ ಕಟ್ಟು ಕಲಸತೊಡಗುತ್ತಾನೆ. ಅದಕ್ಕೂ ಬಗ್ಗದಿದ್ದರೆ, ಪ್ರತಿ ಸುತ್ತಿಗೂ ಒಂದೇ ಪಣ ಇಡಬೇಕೆಂಬ ಸೂಚನೆ. ಕೊನೆಗೆ ಒಬ್ಬರು ಹತ್ತಿರ ಬಂದು, ‘ನೀವು ಬೇರೆ ಯಾವ ಆಟ ಬೇಕಾದರೂ ಆಡಿ, ಇದೊಂದನ್ನು ಬಿಟ್ಟು’ ಎಂಬರ್ಥದ ಮಾತನ್ನು ವಿನಯದಿಂದಲೇ ಹೇಳುತ್ತಾರೆ. ಆಟದ ನಡುವೆ ಹೊಸಬರು ಸೇರುವಂತಿಲ್ಲ ಎಂಬ ಫಲಕಗಳು ಬಂದದ್ದೂ ಎಣಿಕೆಗಾರರಿಂದಲೇ. ಅವರು ದೂರ ನಿಂತು ಎಣಿಸಿ, ಅಂಕ ಏರಿದಾಗಷ್ಟೇ ಬಂದು ಕೂರುತ್ತಿದ್ದರು.

ಮುಖಗಳ ಪುಸ್ತಕ

ಒಂದು ಕಡೆ ಹೊರಹಾಕಿದವನು ಪಕ್ಕದ ಕ್ಯಾಸಿನೊಗೆ ಹೋದರೆ? 1967ರಲ್ಲಿ ರಾಬರ್ಟ್ ಗ್ರಿಫಿನ್ ಸ್ಥಾಪಿಸಿದ ಪತ್ತೇದಾರಿ ಸಂಸ್ಥೆ ಇದಕ್ಕೆ ಉತ್ತರ ಕೊಟ್ಟಿತು. ಮೋಸಗಾರರ ಭಾವಚಿತ್ರಗಳ ಸಂಪುಟವನ್ನು ಅದು ಚಂದಾದಾರ ಕ್ಯಾಸಿನೊಗಳಿಗೆ ಹಂಚುತ್ತಿತ್ತು. ಎಲೆಗೆ ಗುರುತು ಹಾಕುವ ಕಳ್ಳರ ಪಕ್ಕದಲ್ಲೇ, ತಲೆಯಲ್ಲಿ ಲೆಕ್ಕ ಮಾಡುವ ಎಣಿಕೆಗಾರರ ಚಿತ್ರಗಳೂ ಸೇರಿಕೊಂಡವು. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಕೊನೆಗೆ ನ್ಯಾಯಾಲಯಕ್ಕೂ ಅನ್ನಿಸಲಿಲ್ಲ. ಇಬ್ಬರು ಆಟಗಾರರು ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಸೋತ ಸಂಸ್ಥೆ 2005ರಲ್ಲಿ ದಿವಾಳಿ ಅರ್ಜಿ ಹಾಕಿತು.

ಆಟಗಾರರೂ ಸುಮ್ಮನಿರಲಿಲ್ಲ. ಪಣ ಏರಿಳಿಸುವುದರಿಂದಲೇ ಸಿಕ್ಕಿಬೀಳುವುದಾದರೆ, ಯಾರೊಬ್ಬರೂ ಪಣ ಏರಿಳಿಸದಿರಲಿ ಎಂದು 1970ರ ದಶಕದ ಆರಂಭದಲ್ಲಿ ಆಲ್ ಫ್ರಾನ್ಸೆಸ್ಕೊ ಗುಂಪು ಕಟ್ಟಿದರು. ಕೆಲವರು ಬೇರೆ ಬೇರೆ ಮೇಜುಗಳಲ್ಲಿ ಸಣ್ಣ ಪಣ ಇಡುತ್ತಾ ಎಣಿಸುತ್ತಾರೆ. ಅಂಕ ಏರಿದಾಗ ಸನ್ನೆ ಮಾಡುತ್ತಾರೆ. ಆಗ ದುಂದುಗಾರ ಶ್ರೀಮಂತನ ವೇಷದವನೊಬ್ಬ ಬಂದು ದೊಡ್ಡ ಪಣ ಇಡುತ್ತಾನೆ. ಅವನು ಯಾವಾಗಲೂ ದೊಡ್ಡ ಪಣವನ್ನೇ ಇಡುವುದರಿಂದ ಹೊಂದಾಣಿಕೆಯ ಪರೀಕ್ಷೆಯಲ್ಲಿ ಅವನು ಸಿಕ್ಕುವುದಿಲ್ಲ. ಎಂ.ಐ.ಟಿ.ಯ ವಿದ್ಯಾರ್ಥಿಗಳ ತಂಡಗಳು 1980ರಿಂದ ಮುಂದೆ ವರ್ಷಗಟ್ಟಲೆ ಇದೇ ತಂತ್ರದಿಂದ ಆಡಿದವು. ಅವರ ಕಥೆಯನ್ನಾಧರಿಸಿ 2008ರಲ್ಲಿ ‘21’ ಎಂಬ ಚಲನಚಿತ್ರವೂ ಬಂತು. ಅವರನ್ನು ಬಯಲಿಗೆಳೆದದ್ದು ಗಣಿತವಲ್ಲ, ವಿಳಾಸ. ಪ್ರತ್ಯೇಕವಾಗಿ ಸಿಕ್ಕಿಬಿದ್ದ ಹಲವರು ಕೇಂಬ್ರಿಜ್ ಊರಿನ ಆಸುಪಾಸಿನವರೆಂದು ಕಂಡುಕೊಂಡ ಗ್ರಿಫಿನ್ ಸಂಸ್ಥೆಯವರು ಎಂ.ಐ.ಟಿ.ಯ ವಾರ್ಷಿಕ ಸಂಚಿಕೆಗಳನ್ನು ತರಿಸಿ ನೋಡಿದರು. ಮುಖಗಳೆಲ್ಲ ಅಲ್ಲೇ ಇದ್ದವು!

ಈ ಕೆಲಸವನ್ನು ಯಂತ್ರಕ್ಕೆ ಕಲಿಸಿದವರು ಲಾಸ್ ವೇಗಸ್‌ನ ಜೆಫ್ ಜೋನಸ್. ‘ನೋರಾ’ ಎಂಬ ಅವರ ತಂತ್ರಾಂಶ ವಿಳಾಸ, ದೂರವಾಣಿ, ಹೋಟೆಲ್ ಕೊಠಡಿಯ ದಾಖಲೆಗಳನ್ನು ಜಾಲಾಡಿ, ಅಪರಿಚಿತರೆಂದು ತೋರುವ ಇಬ್ಬರ ನಡುವಿನ ನಂಟನ್ನು ಹುಡುಕುತ್ತಿತ್ತು. 2001ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಹೂಡಿಕೆ ವಿಭಾಗ ಅದಕ್ಕೆ ಹಣ ತೊಡಗಿಸಿತು. 2005ರಲ್ಲಿ ಐಬಿಎಂ ಆ ಕಂಪನಿಯನ್ನೇ ಕೊಂಡಿತು. ಮುಖ ಗುರುತಿಸುವ ಯಂತ್ರಗಳನ್ನು ಬೇಗನೆ ಕೊಂಡು ಪರೀಕ್ಷಿಸಿದವರಲ್ಲಿಯೂ ಕ್ಯಾಸಿನೊಗಳು ಇದ್ದವು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ‘ಡಿಜಿಯಾತ್ರಾ’ ಆರಂಭವಾದ ಮೇಲೆ ಈ ಬಗೆಯ ಯಂತ್ರದೆದುರು ನಿಮ್ಮಲ್ಲಿ ಕೆಲವರಾದರೂ ನಿಂತಿರುತ್ತೀರಿ.

ಇಂಥ ಯಂತ್ರ ಶೇಕಡಾ 99.9 ನಿಖರ ಎಂದರೆ ನಿಮಗೆ ಸಮಾಧಾನವಾಗುತ್ತದೆಯೇ? ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ದಿನಕ್ಕೆ 20 ಸಾವಿರ ಜನ ಬರುವ ಕಟ್ಟಡದಲ್ಲಿ ಪಟ್ಟಿಯಲ್ಲಿರುವವರು ಐವರು. ಯಂತ್ರ ಐವರನ್ನೂ ಹಿಡಿಯಿತೆನ್ನಿ. ಉಳಿದವರಲ್ಲಿ ಸಾವಿರಕ್ಕೊಬ್ಬರಂತೆ ತಪ್ಪಾಗಿ ಗುರುತಿಸಿದರೂ 20 ಮಂದಿ ನಿರಪರಾಧಿಗಳು ಸಿಕ್ಕಿಬೀಳುತ್ತಾರೆ. ಗಂಟೆ ಬಾರಿಸಿದ ಐದು ಸಲದಲ್ಲಿ ನಾಲ್ಕು ಸಲ ಅದು ಸುಳ್ಳು! ಕ್ಯಾಸಿನೊದಲ್ಲಿ ಇದರಿಂದಾಗುವ ನಷ್ಟ ಒಂದು ಸಂಜೆಯ ಅವಮಾನ. ಜಾತ್ರೆಯಲ್ಲೋ ಪ್ರತಿಭಟನೆಯಲ್ಲೋ ಇದೇ ಯಂತ್ರವನ್ನು ನಿಲ್ಲಿಸಿದರೆ ಪೊಲೀಸ್ ಠಾಣೆಯವರೆಗೆ ಹೋಗಬೇಕಾದೀತು.

ಕಲಸುವ ಯಂತ್ರದೊಳಗೆ

ಕ್ಯಾಸಿನೊಗಳ ಅತ್ಯಂತ ಪರಿಣಾಮಕಾರಿ ಉತ್ತರ ಕ್ಯಾಮೆರಾ ಅಲ್ಲವೇ ಅಲ್ಲ. ಒಂದು ಕಟ್ಟಿನ ಬದಲು ಆರೋ ಎಂಟೋ ಕಟ್ಟುಗಳನ್ನು ಸೇರಿಸುವುದು, ಕೊನೆಯ ಒಂದೆರಡು ಕಟ್ಟುಗಳನ್ನು ಆಡಿಸದೆ ಬಿಡುವುದು, ಬಳಸಿದ ಎಲೆಗಳನ್ನು ಕೂಡಲೇ ಯಂತ್ರದೊಳಗೆ ಮರಳಿಸಿ ಎಡೆಬಿಡದೆ ಕಲಸುತ್ತಿರುವುದು. ಈ ಕೊನೆಯ ಯಂತ್ರದ ಮುಂದೆ ಬ್ಲ್ಯಾಕ್‌ಜ್ಯಾಕ್ ಬಹುಮಟ್ಟಿಗೆ ಅಂದರ್ ಬಾಹರ್‌ನಂತೆಯೇ ನೆನಪಿಲ್ಲದ ಆಟವಾಗುತ್ತದೆ.

ಕಲಸುವುದು ಕೂಡ ಒಂದು ವಿಜ್ಞಾನ. ಕೈಯಿಂದ ಎರಡು ಭಾಗ ಮಾಡಿ ಎಲೆಗಳನ್ನು ಹೆಣೆದು ಕಲಸಿದರೆ, 52 ಎಲೆಗಳು ಸಾಕಷ್ಟು ಬೆರೆಯಲು ಸುಮಾರು ಏಳು ಸಲ ಬೇಕೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ತೋರಿಸಿದರು. ಮುಂದೆ ಯಂತ್ರ ತಯಾರಿಸುವ ಕಂಪನಿಯೊಂದು ತನ್ನ ಹೊಸ ಯಂತ್ರವನ್ನು ಪರೀಕ್ಷಿಸಲು ಡಯಾಕೊನಿಸ್ ಮತ್ತು ಸೂಸನ್ ಹೋಮ್ಸ್ ಅವರನ್ನು ಕೇಳಿಕೊಂಡಿತು. ಅದರೊಳಗೆ ಹತ್ತು ಅರೆಗಳು. ಪ್ರತಿ ಎಲೆಯೂ ಯಾದೃಚ್ಛಿಕವಾಗಿ ಒಂದು ಅರೆಗೆ ಹೋಗಿ, ಅಲ್ಲಿರುವ ಎಲೆಗಳ ಮೇಲೋ ಕೆಳಗೋ ಸೇರುತ್ತದೆ. ನೋಡಲು ಅಚ್ಚುಕಟ್ಟು. ಆದರೆ ಪೂರ್ತಿ ಬೆರೆತ ಕಟ್ಟಿನಲ್ಲಿ, ತೆರೆದ ಎಲೆಗಳನ್ನು ನೋಡುತ್ತಾ ಮುಂದಿನದನ್ನು ಊಹಿಸುವವನಿಗೆ 52ರಲ್ಲಿ ಸರಾಸರಿ 4.5 ಸರಿಯಾಗುತ್ತವೆ. (ಒಂದು, ಅರ್ಧ, ಮೂರನೇ ಒಂದು ಎಂದು ಐವತ್ತೆರಡನೇ ಒಂದರವರೆಗೆ ಕೂಡಿಸಿ ನೋಡಿ.) ಈ ಯಂತ್ರ ಒಮ್ಮೆ ಕಲಸಿದ ಕಟ್ಟಿನಲ್ಲಿ 9.5 ಸರಿಯಾಗುತ್ತಿದ್ದವು. ಅರೆಗಳೊಳಗೆ ಎಲೆಗಳ ಹಳೆಯ ಕ್ರಮದ ತುಣುಕುಗಳು ಏರುತ್ತಲೋ ಇಳಿಯುತ್ತಲೋ ಉಳಿದುಕೊಂಡಿದ್ದವು. ಇದರ ಪೂರ್ಣ ವಿಶ್ಲೇಷಣೆ 2013ರಲ್ಲಿ ಪ್ರಕಟವಾಯಿತು.

ಇನ್ನೂ ಸರಳವಾದ ಉಪಾಯವನ್ನು ಲೆಕ್ಕಪತ್ರದವರು ಕಂಡುಕೊಂಡರು. ಬ್ಲ್ಯಾಕ್‌ಜ್ಯಾಕ್‌ಗೆ ಒಂದೂವರೆ ಪಟ್ಟಿನ ಬದಲು ಐದಕ್ಕೆ ಆರರಂತೆ ಹಣ ಕೊಡುವುದು. ಸುಮಾರು 21 ಸುತ್ತಿಗೊಮ್ಮೆ ಬ್ಲ್ಯಾಕ್‌ಜ್ಯಾಕ್ ಬರುವುದರಿಂದ ಈ ಒಂದೇ ಬದಲಾವಣೆ ಆಟಗಾರನಿಂದ ಶೇಕಡಾ 1.4ರಷ್ಟನ್ನು ಕಸಿಯುತ್ತದೆ. ಎಣಿಕೆಯ ಲಾಭವೆಲ್ಲ ಅಲ್ಲಿಗೆ ಹೋಯಿತು.

ನೆನಪು ಕೌಶಲವೇ, ಅಪರಾಧವೇ?

ಅಮೆರಿಕದಲ್ಲಿ ತಲೆಯಲ್ಲಿ ಎಣಿಸುವುದು ಅಪರಾಧವಲ್ಲ. ಆದರೂ ನೆವಾಡಾದಲ್ಲಿ ಕ್ಯಾಸಿನೊ ನಿಮ್ಮನ್ನು ಹೊರಹಾಕಬಹುದು. ನ್ಯೂಜೆರ್ಸಿಯಲ್ಲಿ ಕೆನ್ ಯೂಸ್ಟನ್ ಎಂಬ ಆಟಗಾರ ಮೊಕದ್ದಮೆ ಹೂಡಿ, ಎಣಿಸುತ್ತಾನೆಂಬ ಕಾರಣಕ್ಕೆ ಕ್ಯಾಸಿನೊ ತಾನಾಗಿಯೇ ಯಾರನ್ನೂ ಹೊರಗಿಡುವಂತಿಲ್ಲ ಎಂಬ ತೀರ್ಪನ್ನು 1982ರಲ್ಲಿ ಪಡೆದರು. ಎಣಿಸಲು ಯಂತ್ರ ಬಳಸುವುದನ್ನು ನೆವಾಡಾ 1985ರಲ್ಲಿ ಅಪರಾಧವೆಂದು ಸಾರಿತು. ಈ ಶತಮಾನದ ಆರಂಭದಲ್ಲಿ ಕ್ಯಾಸಿನೊಗಳೇ ಕಾಣದ ಶಾಯಿಯಲ್ಲಿ ಗುರುತಿಟ್ಟ ಎಲೆಗಳನ್ನೂ, ಅವುಗಳನ್ನು ಓದುವ ಪುಟ್ಟ ಕ್ಯಾಮೆರಾಗಳಿರುವ ಮೇಜುಗಳನ್ನೂ ಪ್ರಯೋಗಿಸಿದಾಗ, ಆಟಗಾರನಿಗೆ ನಿಷಿದ್ಧವಾದ ಎಣಿಕೆಯ ಯಂತ್ರ ಮನೆಯವರಿಗೆ ಮಾತ್ರ ಹೇಗೆ ಸಲ್ಲುತ್ತದೆ ಎಂಬ ಪ್ರಶ್ನೆ ಎದ್ದದ್ದು ಸಹಜವೇ ಆಗಿತ್ತು.

ನಮ್ಮ ಕಾನೂನು ಇದೇ ಪ್ರಶ್ನೆಯನ್ನು ತಿರುಗಿಸಿ ನೋಡಿದೆ. ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಆಟದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ, 1968ರ ತೀರ್ಪುಸಂಪುಟಗಳಲ್ಲಿ ವರದಿಯಾದ ನಿರ್ಣಯ ಪ್ರಸಿದ್ಧವಾದುದು. ರಮ್ಮಿ ಮುಖ್ಯವಾಗಿ ಕೌಶಲದ ಆಟ. ಏಕೆಂದರೆ ಯಾವ ಎಲೆ ಬಿತ್ತೆಂದು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕೆಂದು ತೀರ್ಮಾನಿಸಬೇಕು. ನೆವಾಡಾದಲ್ಲಿ ಆಟಗಾರನನ್ನು ಹೊರಹಾಕಿಸುವ ಅದೇ ನೆನಪಿನ ಶಕ್ತಿ ನಮ್ಮಲ್ಲಿ ಆಟವನ್ನು ಜೂಜಿನ ಪಟ್ಟಿಯಿಂದ ಹೊರತರುತ್ತದೆ! 1963ರ ಕರ್ನಾಟಕ ಪೊಲೀಸ್ ಕಾಯಿದೆ ಜೂಜನ್ನು ನಿಷೇಧಿಸಿದರೂ ಕೌಶಲದ ಆಟಕ್ಕೆ ವಿನಾಯಿತಿ ಕೊಟ್ಟಿರುವುದು ಇದೇ ತರ್ಕದಿಂದ. 2021ರಲ್ಲಿ ರಾಜ್ಯ ಸರ್ಕಾರ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಈ ಕಾಯಿದೆಗೆ ಮಾಡಿದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದ್ದೂ ಇದನ್ನೇ ಆಧರಿಸಿ.

ನಮ್ಮ ನೆರೆಯ ಗೋವಾದ ದಾರಿ ಬೇರೆ. ಅಲ್ಲಿನ 1976ರ ಜೂಜು ಕಾಯಿದೆಗೆ 1992ರಲ್ಲಿ ಮಾಡಿದ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೂ, 1996ರದ್ದು ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಅನುಮತಿ ನೀಡಿತು. ಪಣಜಿಯ ಮಾಂಡೋವಿಯಲ್ಲಿ ದೀಪ ಹೊತ್ತು ನಿಂತಿರುವ ಕ್ಯಾಸಿನೊ ಹಡಗುಗಳನ್ನು ಕಂಡಿರುತ್ತೀರಿ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಮಹದಾಯಿಯಾಗಿ ಹುಟ್ಟುವ ನದಿಯೇ ಅದು. ಶಿರಸಿಯಿಂದ ಬೆಳಿಗ್ಗೆ ಹೊರಟವನು ಸಂಜೆಯ ಆಟಕ್ಕೆ ಅಲ್ಲಿರಬಹುದು. ಅಡಿಕೆ ಮಾರಿದ ಹಣ ಅಲ್ಲಿಯವರೆಗೆ ಹೋಗುವುದೂ ಉಂಟು. ಹೋಗುವವರು ಕೊನೆಯ ಪಕ್ಷ ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ಕಟ್ಟು, ಯಂತ್ರ ಎಲೆಯನ್ನು ಯಾವಾಗ ಮರಳಿ ಪಡೆಯುತ್ತದೆ, ಬ್ಲ್ಯಾಕ್‌ಜ್ಯಾಕ್‌ಗೆ ಎಷ್ಟು ಹಣ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲವೋ ಅದೃಷ್ಟವೋ ಎಂದು ನೋಡದೆ ಒಟ್ಟಾಗಿ ನಿಷೇಧಿಸಿತು. ಮೊಬೈಲಿನ ಪರದೆಯ ಮೇಲೆ, ಬಿದ್ದ ಎಲೆಯನ್ನು ನೆನಪಿಡುವವನಿಗೂ ಮರೆಯುವವನಿಗೂ ಈಗ ಒಂದೇ ಕಾನೂನು. ಎದುರುಬದುರು ಕುಳಿತು ಚಾಪೆಯ ಮೇಲೆ ಆಡುವ ಇಸ್ಪೀಟಿಗೆ ಮಾತ್ರ 1968ರ ಭೇದ ಇನ್ನೂ ಅನ್ವಯಿಸುತ್ತದೆ.